ಕಣ್ಣಾರೆ ನೋಡಿದವರು ಯಾರು

ಹೋದ ವಾರ ಅಟ್ಟದ ಮೇಲಿಂದ ಆ ತಗಡಿನ ಕೊಳವೆಯನ್ನು ಇಳಿಸಿ ಮುಚ್ಚಳ ತೆಗೆದೆ. ದೀಪದ ಮಸಿಗೆ ಗೋಂದು ಕಲೆಸಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಮಸಿಯ ವಾಸನೆ ಉಳಿಯುತ್ತದೆಯೇ ಎಂದು ನನ್ನ ಮಗ ನಕ್ಕ. ನನ್ನ ಮೂಗು ನಿನ್ನ ಮೂಗಿಗಿಂತ ಹಳೆಯದು, ಸುಮ್ಮನೆ ಕೂಡು ಎಂದೆ. ಹೊರಗೆ ಮಳೆ ಹಿಡಿದಿತ್ತು. ಮಳೆ, ಮಸಿ, ಒದ್ದೆ ಕಾಗದ, ಈ ಮೂರೂ ಕೂಡಿದರೆ ನನಗೆ ಇವತ್ತಿಗೂ ಅನ್ನ ಸೇರುವುದಿಲ್ಲ.

ಕೊಳವೆ ಇಳಿಸಿದ್ದು ಒಬ್ಬ ಹುಡುಗಿಯ ಸಲುವಾಗಿ. ವಿಶ್ವವಿದ್ಯಾಲಯದಲ್ಲಿ ಓದುವವಳು. ನಿಜಾಮನ ಕಾಲದ ಕೊನೆಯ ಮಳೆಗಾಲದ ಬಗ್ಗೆ ಬರೆಯುತ್ತಾಳಂತೆ, ಮುದುಕರ ಮಾತನ್ನು ಹಿಡಿದಿಡಲು ಟೇಪಿನ ಮಷಿನು ತಂದಿದ್ದಳು. ಬರುವಾಗಲೇ ಒಂದು ಅಚ್ಚಾದ ಪುಸ್ತಕವನ್ನೂ ತಂದಿದ್ದಳು. ಅದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು. ಮಸ್ಕಿಯ ಮುನ್ಷಿಯೊಬ್ಬರ ಮನೆಯಲ್ಲಿ ಬಂದೂಕುಗಳನ್ನು ಬಚ್ಚಿಡಲಾಗಿತ್ತು ಎಂದು ಬರೆದಿತ್ತು. ಇದು ಖರೆ ಏನ್ರಿ ಅಜ್ಜಿ ಎಂದು ಕೇಳಿದಳು. ನನ್ನ ಮೈ ಉರಿಯಿತು. ಹೌದು ಅಲ್ಲ ಎಂದು ಒಂದು ಮಾತಿನಲ್ಲಿ ಹೇಳಿ ಕಳಿಸುವ ಸಂಗತಿಯಲ್ಲ ಅದು. ಆ ಮಳೆಗಾಲವನ್ನು ಮೊದಲಿಂದ ಹೇಳಬೇಕು.

ಮದುವೆಯಾಗಿ ಸಿಂಧನೂರಿನಿಂದ ಮಸ್ಕಿಗೆ ಬಂದು ನನಗೆ ಆಗಿನ್ನೂ ಬಹಳ ದಿನವಾಗಿರಲಿಲ್ಲ. ನಮ್ಮವರು ರಾಯಚೂರಿನಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದರು. ಮನೆಯಲ್ಲಿ ಊರಲ್ಲೇ ಅಂಗಡಿಯಿಟ್ಟಿದ್ದ ಮಾವ, ನಾನು, ಮತ್ತೆ ರಜೆಗೆ ಬರುವ ಮೈದುನ ವೀರೇಶ. ವೀರೇಶ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದ. ಅವನ ಜೊತೆಗೇ ಓದುತ್ತಿದ್ದವನು ಪಕ್ಕದ ಮನೆಯ ಖಲೀಲ, ಮುನ್ಷಿ ಸಾಹೇಬರ ಒಬ್ಬನೇ ಮಗ. ಮುನ್ಷಿ ಸಾಹೇಬರು ಊರಿನ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನಮ್ಮ ಮಾಳಿಗೆ ಹತ್ತಿದರೆ ಅವರ ಅಂಗಳ ಪೂರಾ ಕಾಣುತ್ತಿತ್ತು. ಅವರ ಹೆಂಡತಿ ಹಲೀಮಾಬಿ ನನಗೆ ತಾಯಿಯ ಹಾಗಿದ್ದಳು.

ಆ ವರ್ಷ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ಆದರೆ ಬಿತ್ತುವವರ ಮುಖದಲ್ಲಿ ಕಳೆ ಇರಲಿಲ್ಲ. ನಿಜಾಮನ ಕಡೆಯ ಖಾಕಿ ತೊಟ್ಟವರು ಹಳ್ಳಿಗಳಿಗೆ ನುಗ್ಗಿ ದೋಚುತ್ತಿದ್ದರು. ಅದು ಬರಿಯ ಸುದ್ದಿಯಲ್ಲ, ಸುಟ್ಟ ಕಣಜದ ವಾಸನೆ ಮೈಗಂಟಿಸಿಕೊಂಡು ಬಂದವರನ್ನು ನಾನೇ ನಮ್ಮ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಿದ್ದೇನೆ. ಸಂಸಾರ ಹೇರಿಕೊಂಡ ಬಂಡಿಗಳು ಸಿಂಧನೂರಿನ ಮೇಲೆ ಹಾದು ತುಂಗಭದ್ರೆಯ ಆಚೆಗೆ ಹೋಗುತ್ತಿದ್ದವು. ಆಚೆಯಿಂದ ಬಂದೂಕು ಹಿಡಿದ ಇನ್ನೊಂದು ಗುಂಪು ಹೊಳೆ ದಾಟಿ ಈಚೆಗೆ ಬರುತ್ತದೆ ಎಂಬ ಮಾತೂ ಇತ್ತು. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ತಿಳಿಯುತ್ತಿರಲಿಲ್ಲ. ನಂಬದೆ ಕೂತವನು ಸತ್ತರೆ ಏನು ಮಾಡುವುದು ಎಂದು ಮಾವ ಎಲ್ಲವನ್ನೂ ನಂಬುತ್ತಿದ್ದರು.

ಇಂಥದರಲ್ಲಿ ಹೈದರಾಬಾದಿನ ಹಾಸ್ಟೆಲು ಮುಚ್ಚಿ ಹುಡುಗರನ್ನು ಮನೆಗೆ ಕಳಿಸಿದರು. ಇವರಿಬ್ಬರೂ ಪುಸ್ತಕದ ಪೆಟ್ಟಿಗೆ ಹೇರಿಕೊಂಡು ಬಂದರು. ಲಿಂಗಸೂಗೂರಿನವರೆಗೆ ಮೋಟಾರು, ಅಲ್ಲಿಂದ ಬಂಡಿ. ಹಳ್ಳ ಬಂದು ಹಾದಿ ಕಟ್ಟಿದ್ದರಿಂದ ಸಂತೆಕಲ್ಲೂರಿನ ಸುತ್ತು ಹಾದಿ ಹಿಡಿದು, ಹೊತ್ತು ಮುಳುಗುವಾಗ ತೋಯಿಸಿಕೊಂಡು ಮನೆ ಮುಟ್ಟಿದರು. ನಮ್ಮ ಮಾಳಿಗೆ ಸೋರುತ್ತಿತ್ತು. ಮುನ್ಷಿ ಸಾಹೇಬರ ಅಟ್ಟ ಬೆಚ್ಚಗಿತ್ತು. ಪೆಟ್ಟಿಗೆಗಳನ್ನು ಅಲ್ಲಿಗೇ ಹೊತ್ತರು. ಪೆಟ್ಟಿಗೆಗಳ ಜೊತೆಗೆ, ಗೋಣಿತಟ್ಟು ಸುತ್ತಿದ ಉದ್ದನೆಯ ತಗಡಿನ ಕೊಳವೆಗಳಿದ್ದವು.

ಅವು ಕಲ್ಲಿನ ಅಚ್ಚು ತೆಗೆದ ಕಾಗದ ಇಡಲು ಅವರ ಪ್ರೊಫೆಸರು ಕೊಟ್ಟದ್ದು. ನಮ್ಮ ಗುಡ್ಡದಲ್ಲಿ ಅಶೋಕನ ಹೆಸರಿನ ಬರಹವಿರುವ ಬಂಡೆಯಿದೆಯಲ್ಲ, ಅದರ ಬಗ್ಗೆ ಇಬ್ಬರೂ ಬರೆಯಬೇಕಾಗಿತ್ತು. ಒದ್ದೆ ಕಾಗದವನ್ನು ಬಂಡೆಗೆ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿಯ ಗಂಟು ಒತ್ತಿದರೆ ಕರಿಯ ಕಾಗದದಲ್ಲಿ ಬಿಳಿಯ ಅಕ್ಷರ ಏಳುತ್ತವೆ. ಮಸಿ ಕಲೆಸಿ ಕೊಟ್ಟವಳು ನಾನೇ. ಮಳೆ ಬಿಟ್ಟ ದಿನ ಗುಡ್ಡ ಹತ್ತುವುದು, ಸಂಜೆ ಕೈಕಾಲು ಮಸಿ ಮಾಡಿಕೊಂಡು ಬರುವುದು. ನನ್ನ ಒಲೆಯ ಮುಂದೆ ಕೂತು ಇಬ್ಬರೂ ರೊಟ್ಟಿ ತಿನ್ನುವಾಗ ನಾನು ಬೈಯುತ್ತಿದ್ದೆ, ಊರು ಉರಿಯುವಾಗ ಇವರಿಗೆ ಕಲ್ಲಿನ ಚಿಂತೆ ಎಂದು.

ಬರಿಯ ಅಚ್ಚು ಸಾಲದು, ಆ ಬಂಡೆಯನ್ನು ಊರವರಲ್ಲಿ ಮೊದಲು ಕಂಡವರು ಯಾರೆಂದೂ ಹುಡುಕಬೇಕೆಂದು ಪ್ರೊಫೆಸರು ಹೇಳಿದ್ದರಂತೆ. ಊರಿನ ಮುದುಕರೆಲ್ಲ ನಾನೇ ಕಂಡೆ ಎನ್ನುವವರೇ. ಖಲೀಲ ಅದಕ್ಕೆ ಅಪ್ಪನಿಂದ ಕಲಿತ ರೀತಿಯನ್ನು ಹಿಡಿದ. ಮುನ್ಷಿ ಸಾಹೇಬರ ಧರ್ಮದ ಓದಿನಲ್ಲಿ ಒಂದು ಕಟ್ಟಳೆಯಿತ್ತು. ಮಾತು ಹೇಳುವವನು ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ ಎಂದು ಹೆಸರು ಹಿಡಿದು ಹಿಂದಕ್ಕೆ ಹೋಗಬೇಕು. ಕೊನೆಗೆ ಕಣ್ಣಾರೆ ನೋಡಿದವನು ಸಿಗಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ ಆ ಮಾತು ಬರೆಯುವ ಮಾತಲ್ಲ. ಖಲೀಲ ಆ ಹೆಸರುಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ಒಂದೊಂದು ಗೆಣ್ಣಿಗೆ ಒಬ್ಬೊಬ್ಬನ ಹೆಸರು ಹೇಳಿ ಕೊನೆಯ ಗೆಣ್ಣಿಗೆ ಬಂದಾಗ ನಿಂತು, "ಇವ ನೋಡ್ಯಾನೋ, ಕೇಳ್ಯಾನೋ?" ಎನ್ನುತ್ತಿದ್ದ. ಎಷ್ಟೋ ಮುದುಕರು ಆ ಪ್ರಶ್ನೆಗೆ ಎದ್ದು ಹೋದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಗು ನಿಂತದ್ದು ಬಾವಿಯ ಕಟ್ಟೆಯಲ್ಲಿ. ಕೊಡ ತುಂಬುವಾಗ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಳು ನನ್ನ ಕಿವಿಯಲ್ಲಿ, ನಿಮ್ಮ ಪಕ್ಕದ ಮನೆಗೆ ಬಂಡಿ ತುಂಬ ಬಂದೂಕು ಬಂದಿವೆ, ಖಾಕಿಯವರು ಸಂತೆಯ ದಿನ ಬಂದು ಅವನ್ನು ಹಂಚುತ್ತಾರಂತೆ ಎಂದಳು. ನಾನು ಕೊಡ ಅಲ್ಲೇ ಇಳಿಸಿದೆ. ಅವು ಪುಸ್ತಕಗಳವ್ವ, ನಾನೇ ಮುಟ್ಟಿದ್ದೇನೆ ಎಂದೆ. ಆಕೆ ನನ್ನ ಮುಖ ನೋಡಿದ ರೀತಿ ಹೇಗಿತ್ತೆಂದರೆ, ಪಾಪ ಇವಳಿಗೆ ಏನೂ ತಿಳಿಯದು ಎನ್ನುವಂತಿತ್ತು.

ಮಾವನಿಗೆ ಹೇಳಿದೆ. ಅವರಿಗೆ ಆಗಲೇ ಅಂಗಡಿಯಲ್ಲಿ ಸುದ್ದಿ ಮುಟ್ಟಿತ್ತು. ಮುನ್ಷಿ ಸಾಹೇಬರ ಜೊತೆ ದಿನಾ ಸಂಜೆ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ಮನುಷ್ಯ, "ಬೆಂಕಿ ಇಲ್ದ ಹೊಗಿ ಏಳ್ತದೇನವ್ವ?" ಎಂದು ಬಿಟ್ಟರು. ಪೆಟ್ಟಿಗೆ ಹೊತ್ತವನು ನಿಮ್ಮ ಮಗನೇ ಅಲ್ಲವೇ ಎಂದು ನಾನು ಕೇಳಿದೆ. ಹೊತ್ತವನಿಗೆ ಒಳಗೇನಿದೆ ಎಂದು ಗೊತ್ತಿರಬೇಕೆಂದಿಲ್ಲ ಎಂದರು. ಅವತ್ತಿನಿಂದ ಸಂಜೆಯ ಎಲೆ ಅಡಿಕೆ ನಿಂತಿತು.

ಆಗ ಖಲೀಲ ಅಂದ, ಬಂಡೆಗೆ ಮಾಡಿದ್ದನ್ನೇ ಇದಕ್ಕೂ ಮಾಡೋಣ, ಈ ಮಾತಿನ ಬೇರು ಹಿಡಿಯೋಣ. ಅಪ್ಪನ ಜೀವದ ಪ್ರಶ್ನೆ, ಅವನ ಮುಖ ಬಿಳಿಚಿತ್ತು, ಆದರೂ ದನಿ ಪಾಠ ಒಪ್ಪಿಸುವವನ ಹಾಗಿತ್ತು. ಬಾವಿಯ ಹೆಂಗಸಿನಿಂದ ಹಿಡಿದು ಹೊರಟರು. ಆಕೆಗೆ ಹೇಳಿದವನು ಸಿಂಧನೂರಿನ ಬಳೆಗಾರ. ಅವನಿಗೆ ಹೇಳಿದವನು ಬಂಡಿ ಹೊಡೆಯುವವನೊಬ್ಬ. ಅವನು ಕೇಳಿದ್ದು ಸಂತೆಕಲ್ಲೂರಿನ ಕುರುಬನೊಬ್ಬನಿಂದ. ಬೀರಪ್ಪ ಅಂತ ಅವನ ಹೆಸರು. ಕುರಿ ಹೊಡೆದುಕೊಂಡು ಬರುವಾಗ ಅವತ್ತು ಸಂಜೆ ಬಂಡಿಯನ್ನು ಕಂಡಿದ್ದ. ತಗಡಿನವು ಉದ್ದನೆಯವು ಗೋಣಿಯಿಂದ ಹೊರಗೆ ಚಾಚಿದ್ದವು, ಏನೆಂದು ನನಗೇನು ಗೊತ್ತು ಎಂದನಂತೆ. ಅವನ ಬಾಯಿಯಲ್ಲಿ ಬಂದೂಕು ಎಂಬ ಮಾತೇ ಇರಲಿಲ್ಲ. ಮುಂದಿನವರು ಒಬ್ಬೊಬ್ಬರು ಒಂದಿಷ್ಟು ಹಚ್ಚಿದ್ದರು.

ಅಷ್ಟಕ್ಕೆ ಬಿಟ್ಟಿದ್ದರೆ ಹೇಗಿರುತ್ತಿತ್ತೋ. ಬಿಡಲಿಲ್ಲ. ಒಂದು ಎಳೆ ಸಿಕ್ಕರೆ ಸಾಲದು, ಬೇರೆ ದಿಕ್ಕಿನಿಂದ ಬಂದ ಎಳೆ ಇದೆಯೋ ಇಲ್ಲವೋ ನೋಡಬೇಕು ಎಂಬುದು ಅವರ ಪ್ರೊಫೆಸರ ಪಾಠ. ಯಾರೂ ಆಮೇಲೆ ಎದುರಾಡದಂತೆ ಪಕ್ಕಾ ಮಾಡಿಕೊಂಡೇ ಊರಿನ ಮುಂದೆ ಇಡೋಣ ಎಂದು ಬಿಟ್ಟೂ ಬಿಡದ ಮಳೆಯಲ್ಲಿ ಸಾಲಗುಂದಕ್ಕೆ ಹೋದರು, ಅದರ ಸುತ್ತಲ ಹಳ್ಳಿಗಳಿಗೂ ಹೋದರು. ಕಟ್ಟೆ ಕಟ್ಟೆಗೆ ನಿಂತು ಕೇಳಿದರು. ಸಂಜೆ ಬಂದು ಖುಷಿಯಿಂದ ಹೇಳಿದರು, ಆ ಕಡೆಗೆ ಯಾರೂ ಈ ಮಾತನ್ನೇ ಕೇಳಿಲ್ಲ ವೈನಿ, ಒಂದೇ ಬೇರು, ಅದೂ ಟೊಳ್ಳು ಬೇರು. ನಾನು ಹಾಲಿಗೆ ಬೆಲ್ಲ ಹಾಕಿ ಕೊಟ್ಟೆ. ಹಲೀಮಾಬಿ ಗೋಡೆಯ ಆಚೆಯಿಂದಲೇ ದೇವರನ್ನು ನೆನೆದಳು.

ಮುಂದೆ ಒಂದೆರಡು ದಿನಕ್ಕೇ ಸಾಲಗುಂದದಿಂದ ಸೀಗೆಕಾಯಿ ಮಾರುವವಳು ಬಂದಳು. ಯಾವಾಗಲೂ ಮೊದಲು ಮುನ್ಷಿ ಸಾಹೇಬರ ಮನೆಗೆ ಹೋಗುವವಳು ಅವತ್ತು ಆ ಬಾಗಿಲನ್ನು ಬಿಟ್ಟು ನಮ್ಮಲ್ಲಿಗೆ ಬಂದಳು. ಯಾಕೆ ಎಂದು ಕೇಳಿದೆ. ಆ ಮನೆಯಲ್ಲಿ ಬಂದೂಕುಗಳಿವೆಯಂತಲ್ಲ ಎಂದಳು. ನಿಮ್ಮೂರಿಗೆ ಯಾರು ಹೇಳಿದರು ಎಂದೆ. ಅವಳು ಹೇಳಿದ ಮಾತು ಇವತ್ತಿಗೂ ಹಾಗೇ ನನ್ನ ಕಿವಿಯಲ್ಲಿದೆ.

"ಓದಿದ ಹುಡುಗ್ರು ಇಬ್ರು ಬಂದಿದ್ರವ್ವ. ಮಸ್ಕಿ ಮುನ್ಸಿ ಸಾಬರ ಮನ್ಯಾಗ ಬಂದೂಕ ಅದಾವಂತ ನಿಮಗ ಯಾರ ಹೇಳ್ಯಾರ ಅಂತ ಕೇಳಿದ್ರು. ಅಲ್ಲೀತನಕ ನಮಗ ಗೊತ್ತ ಇರಲಿಲ್ಲ. ಅದ್ರಾಗ ಒಬ್ಬಾಂವ ಸಾಬರ ಮಗನ ಅಂತ. ಮಗನ ಕೇಳಾಕತ್ತಾನಂದ್ರ ಸುಳ್ಳ ಹೆಂಗ ಆದೀತು?"

ನನ್ನ ಕೈಯಲ್ಲಿದ್ದ ಮೊರ ಜಾರಿ ಜೋಳ ನೆಲದ ಪಾಲಾಯಿತು. ಹುಡುಗರು ಬಂದಾಗ ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ವೀರೇಶ ಅವಳಿಗೆ ಬುದ್ಧಿಯಿಲ್ಲ ಎಂದು ಬೈದ. ಖಲೀಲ ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಹೋದ. ಸೀಗೆಕಾಯಿಯವಳು, ಅವಳ ಓಣಿ, ಓಣಿಯ ಕಟ್ಟೆ, ಕಟ್ಟೆಯ ಮೇಲೆ ನಿಂತು ಕೇಳಿದವನು. ಕೊನೆಯ ಗೆಣ್ಣಿಗೆ ಬಂದಾಗ ಬೆರಳನ್ನು ಅಲ್ಲೇ ಒತ್ತಿ ಹಿಡಿದ. "ಈಗ ಬೇರು ನಾನ ಆದೆ, ವೈನಿ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವನು ಆಡಿದ್ದು ಮಾತೂ ಅಲ್ಲ, ಬರಿಯ ಪ್ರಶ್ನೆ.

ಮುನ್ಷಿ ಸಾಹೇಬರಿಗೆ ಮಗನೇ ಎಲ್ಲವನ್ನೂ ಹೇಳಿದ. ಅವರು ಸಿಟ್ಟು ಮಾಡಲಿಲ್ಲ. ಕೇಳಿದವರಿಗೆ ಕಣ್ಣಿಂದ ತೋರಿಸಿದರೆ ಮುಗಿಯಿತಲ್ಲ ಎಂದರು. ಸಂತೆಯ ದಿನ ಬಿಸಿಲು ಬಿದ್ದಿತ್ತು. ಮನೆಯ ಮುಂದೆ ಹಗ್ಗ ಕಟ್ಟಿ ಅಚ್ಚಿನ ಕಾಗದಗಳನ್ನು ಒಗೆದ ಸೀರೆಯಂತೆ ಸಾಲಾಗಿ ಇಳಿಬಿಟ್ಟರು. ಪೆಟ್ಟಿಗೆ ತೆರೆದು ಪುಸ್ತಕಗಳನ್ನು ಕಟ್ಟೆಯ ಮೇಲೆ ಹರವಿದರು. ಬಂದವರಿಗೆಲ್ಲ ಕೊಳವೆಗಳನ್ನು ಕೈಗೆ ಕೊಟ್ಟು, ಒಳಗೆ ಕೈ ಹಾಕಿ ನೋಡಿ ಎಂದರು. ಜನ ಸೇರಿದರು, ಬೇಕಾದಷ್ಟು ಸೇರಿದರು. ಕರಿಯ ಕಾಗದ, ಬಿಳಿಯ ಅಕ್ಷರ, ಓದಲು ಬಾರದ ಲಿಪಿ. ಅದನ್ನು ನೋಡಿ ಕೆಲವರು ಇನ್ನಷ್ಟು ಹೆದರಿದರು ಎಂದು ನನಗೆ ಅನಿಸಿತು. ಮುಂದೆ ನಿಂತಿದ್ದ ಒಬ್ಬ ಕೊಳವೆಯ ಒಳಗೆ ಕಣ್ಣಿಟ್ಟು ನೋಡಿ, "ಇಷ್ಟ ಏನ್ರಿ?" ಎಂದ. ಅವನು ನಮ್ಮ ಓಣಿಯವನೇ.

ಸಂಜೆಗೆ ಸಂತೆ ಕರಗುವ ಹೊತ್ತಿಗೆ ಹೊಸ ಸುದ್ದಿ ಹುಟ್ಟಿತ್ತು. ಬಂದೂಕುಗಳನ್ನು ನೆಲದಲ್ಲಿ ಹೂಳಿಟ್ಟು ಬರಿಯ ಕೊಳವೆ ತೋರಿಸಿದ್ದಾರೆ, ಇಲ್ಲದಿದ್ದರೆ ಯಾರಾದರೂ ಮನೆಯ ಪೆಟ್ಟಿಗೆಯನ್ನು ಬೀದಿಯಲ್ಲಿ ತೆರೆಯುತ್ತಾರೆಯೇ? ಅಂಗಡಿಯಿಂದ ಬಂದ ಮಾವ ಇದನ್ನು ಹೇಳಿ, ಕಾಲು ಕೂಡ ತೊಳೆಯದೆ ಕೂತರು. ನೀವೇ ಕೈ ಹಾಕಿ ನೋಡಿದಿರಲ್ಲ ಎಂದು ವೀರೇಶ ಕೂಗಾಡಿದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಎಂದರು ಮಾವ. ಒಳ್ಳೆಯ ಗಾದೆಯನ್ನು ಇಷ್ಟು ಕೆಟ್ಟದಾಗಿ ಬಳಸಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಅವತ್ತು ಸಂಜೆ ಖಲೀಲ ಬಂದು ಒಂದು ಕೊಳವೆಯನ್ನು ನನ್ನ ಕೈಯಲ್ಲಿಟ್ಟ. ಮಸಿ ಕಲೆಸಿದವರಿಗೆ ಒಂದು ಅಚ್ಚಾದರೂ ಬೇಕಲ್ಲ ವೈನಿ, ಇದು ನಿಮ್ಮದು ಎಂದ.

ಮುನ್ಷಿ ಸಾಹೇಬರ ಮನೆಯವರು ಇನ್ನು ಊರಿನಲ್ಲಿರುವುದು ಬೇಡವೆಂದು ನಿಶ್ಚಯವಾಯಿತು. ತಂದೆ ತಾಯಿಯನ್ನು ರಾಯಚೂರಿಗೆ ಸಾಗಿಸಲು ಗಟ್ಟಿ ಬಂಡಿಯೊಂದನ್ನು ನೋಡಲು ಖಲೀಲ ಸಿಂಧನೂರಿಗೆ ಹೋದ. ಜೊತೆಗೆ ಹೊರಟ ವೀರೇಶನನ್ನು ಮಾವ ತಡೆದು, ಅವನ ಅಕ್ಕನಿದ್ದ ಗದಗಿಗೆ ಅಟ್ಟಿಬಿಟ್ಟರು. ಮರುದಿನ ಮಧ್ಯಾಹ್ನ ಮೋಡ ಕವಿದು ಥಟ್ಟನೆ ಮಳೆ ಶುರುವಾಯಿತು. ಮಾಳಿಗೆಯ ಬೆಳಕಿಂಡಿಗೆ ಬಂಡೆ ಮುಚ್ಚದಿದ್ದರೆ ಒಲೆಗೇ ನೀರು ಬೀಳುತ್ತದೆ. ಮುಚ್ಚಲು ಮೇಲೆ ಹತ್ತಿದೆ.

ಮುನ್ಷಿ ಸಾಹೇಬರ ಅಂಗಳದಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡವರು ಹಾರೆ ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದರು. ಪಡಸಾಲೆ ಅಗೆದಾಗಿತ್ತು. ಹಲೀಮಾಬಿಯನ್ನು ಒಳಗೆ ಕೂಡಿ ಚಿಲಕ ಹಾಕಿದ್ದರು, ಅವಳು ಬಾಗಿಲು ಬಡಿಯುವುದು ಮಳೆಯಲ್ಲೂ ಕೇಳುತ್ತಿತ್ತು. ಮುನ್ಷಿ ಸಾಹೇಬರು ತಲೆಯ ಮೇಲೆ ಟೋಪಿ ಕೂಡ ಇಲ್ಲದೆ ಮಳೆಯಲ್ಲಿ ನಿಂತು, ನೆಲ ತೋಡಿ ತೃಪ್ತಿಪಟ್ಟುಕೊಳ್ಳಿ ಎಂಬಂತೆ ಸುಮ್ಮನೆ ನೋಡುತ್ತಿದ್ದರು. ಅಗೆದು ಅಗೆದು ಏನೂ ಸಿಗದೆ, ಎಲ್ಲಿಟ್ಟಿದ್ದೀ ತೋರಿಸು ಬಾ ಎಂದು ಅವರನ್ನು ಬಂಡಿಗೆ ಹತ್ತಿಸಿದರು. ಆ ಹೊತ್ತಿನಲ್ಲಿ ಇಬ್ಬರು ಒದ್ದೆ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು. ಒಬ್ಬ, ಕೊಳವೆಗೆ ಕಣ್ಣಿಟ್ಟವನು. ಇನ್ನೊಬ್ಬನೂ ನನಗೆ ಗೊತ್ತಿದ್ದವನೇ. ನಾನು ಬೆಳಕಿಂಡಿಯ ಬಂಡೆಯನ್ನು ಹಿಡಿದುಕೊಂಡೇ ಕುಕ್ಕರಿಸಿದ್ದೆ. ಬಂಡಿ ಹಳ್ಳದ ಕಡೆಗೆ ಹೋಯಿತು. ಮುನ್ಷಿ ಸಾಹೇಬರು ಹೋದವರು ತಿರುಗಿ ಬರಲಿಲ್ಲ.

ಕೆಳಗಿಳಿದು ಮೊದಲು ಹಲೀಮಾಬಿಯ ಚಿಲಕ ತೆಗೆದು ಅವಳನ್ನು ತಬ್ಬಿಕೊಂಡೆ. ಅವಳು ದನಿ ಕೇಳಿದ್ದಳು, ಮುಖ ಕಂಡಿರಲಿಲ್ಲ. ಅಂಗಡಿಯಿಂದ ಓಡಿ ಬಂದ ಮಾವ ನನ್ನನ್ನು ಒಳಗೆ ಎಳೆದುಕೊಂಡರು. ಕಂಡದ್ದನ್ನು, ಇಬ್ಬರ ಹೆಸರನ್ನು ಹೇಳಿದೆ. ಮಾವ ಬಾಗಿಲಿಗೆ ಅಗಳಿ ಹಾಕಿದರು. ಆಮೇಲೆ ಮೆಲ್ಲಗೆ, "ನೀ ಏನೂ ನೋಡಿಲ್ಲವ್ವ" ಎಂದರು. ಆ ಹೆಸರು ಈ ಮನೆಯಿಂದ ಹೊರಗೆ ಬಿದ್ದರೆ ನಾಳೆ ಅಗೆಯುವುದು ನಮ್ಮ ನೆಲ ಎಂದರು. ಆ ಇಬ್ಬರೂ ಹೆದರಿ ಮಾಡಿದ್ದು ಎಂದು ಮಾವ ಮುಂದೆ ಎಷ್ಟೋ ಸಲ ಹೇಳುತ್ತಿದ್ದರು. ಇರಬಹುದು. ನನಗೆ ಮಾವನ ಮೇಲಿನ ಸಿಟ್ಟು ಅವರು ಸತ್ತ ಮೇಲೂ ಇಳಿದಿಲ್ಲ.

ಖಲೀಲ ಬಂದ. ಅಪ್ಪನನ್ನು ಹುಡುಕಿ ಹಳ್ಳದ ಎರಡೂ ದಂಡೆ ಅಲೆದ, ಏನೂ ಸಿಗಲಿಲ್ಲ. ಆಮೇಲೆ ಓಣಿಯ ಒಂದೊಂದೇ ಬಾಗಿಲಿಗೆ ನಿಂತು ಅದೇ ಪ್ರಶ್ನೆ ಕೇಳಿದ. "ಕಣ್ಣಿಂದ ನೋಡಿದವ್ರು ಯಾರರ ಅದೀರೇನು?" ಹಾಡಹಗಲು ನಡೆದದ್ದನ್ನು ಒಬ್ಬರೂ ಕಂಡಿರಲಿಲ್ಲ. ಹೊಳೆಯಾಚೆಯವರಂತೆ ಎಂದು ಒಬ್ಬರು, ಖಾಕಿಯವರೇ ಅಂತೆ ಎಂದು ಇನ್ನೊಬ್ಬರು. ನಮ್ಮ ಬಾಗಿಲಲ್ಲಿ ಮಾವ ಅಡ್ಡ ನಿಂತಿದ್ದರು. ನಮ್ಮ ಹೆಣ್ಣುಮಕ್ಕಳು ಒಳಗಿದ್ದರು ಎಂದರು. ಬಾಗಿಲ ಹಿಂದೆ ನಾನಿದ್ದೆ, ನನ್ನ ರಟ್ಟೆ ಮಾವನ ಮುಷ್ಟಿಯಲ್ಲಿತ್ತು. ಬಾಗಿಲ ಸಂದಿಯಿಂದ ಖಲೀಲನ ಕೈ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ಒಂದೇ ಗೆಣ್ಣಿನ ಮೇಲೆ ನಿಂತಿತ್ತು, ಮುಂದೆ ಹೋಗುತ್ತಿರಲಿಲ್ಲ. ಮರುದಿನ ತಾಯಿಯನ್ನು ಕರೆದುಕೊಂಡು ಊರು ಬಿಟ್ಟ. ಅದಾಗಿ ಸ್ವಲ್ಪ ದಿನಕ್ಕೆ ಸೈನ್ಯ ಬಂತು, ನಿಜಾಮನ ರಾಜ್ಯ ಮುಗಿಯಿತು. ಖಲೀಲ ಎಲ್ಲಿದ್ದಾನೆಂದು ನನಗೆ ತಿಳಿಯಲೇ ಇಲ್ಲ. ವೀರೇಶ ಓದು ಬಿಟ್ಟು ಅಂಗಡಿಯಲ್ಲಿ ಕೂತ. ಸಾಯುವವರೆಗೆ ಯಾರನ್ನೂ ಏನನ್ನೂ ಕೇಳಲಿಲ್ಲ.

ಇಷ್ಟನ್ನು ಹುಡುಗಿಗೆ ಹೇಳಿದೆ, ಆ ಇಬ್ಬರ ಹೆಸರೊಂದನ್ನು ಬಿಟ್ಟು. ಆಮೇಲೆ ಕೇಳಿದೆ, ನಿನ್ನ ಪುಸ್ತಕ ಬರೆದವನಿಗೆ ಬಂದೂಕಿನ ಸಂಗತಿ ಹೇಳಿದವರು ಯಾರವ್ವ? ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಅವಳು ಓದಿದಳು. ಸಾಲಗುಂದದ ಹಿರಿಯರ ನೆನಪಿನಂತೆ, ಮುನ್ಷಿಯ ಸ್ವಂತ ಮಗನೇ ಊರೂರು ತಿರುಗಿ ಬಂದೂಕುಗಳ ಬಗ್ಗೆ ವಿಚಾರಿಸಿದ್ದನು.

ಓದಿ ಮುಗಿಸಿ ಅವಳು ಪುಸ್ತಕ ಮುಚ್ಚಿದಳು. ಕೊಳವೆಯಿಂದ ಅಚ್ಚನ್ನು ತೆಗೆದು ಅವಳ ಮುಂದೆ ಬಿಡಿಸಿದೆ. ಅಂಚು ಪುಡಿಯಾಗಿದೆ, ಅಕ್ಷರ ಹಾಗೇ ಇವೆ. ಆ ಇಬ್ಬರು ಯಾರು ಅಜ್ಜಿ ಎಂದು ಅವಳು ಮೆಲ್ಲಗೆ ಕೇಳಿದಳು. ಇಷ್ಟು ವರ್ಷಗಳಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಬಾಗಿಲಲ್ಲಿ ನಿಂತಿದ್ದ ನನ್ನ ಮಗ ಒಳಗೆ ಬಂದ. ಆ ಇಬ್ಬರ ಮೊಮ್ಮಕ್ಕಳು ಇದೇ ಓಣಿಯಲ್ಲಿದ್ದಾರೆ, ಇವನ ಜೊತೆ ದಿನಾ ಚಹಾ ಕುಡಿಯುವವರು. "ಬ್ಯಾಡವ್ವ" ಎಂದ. "ನೀ ಏನೂ ನೋಡಿಲ್ಲ."

ಅವನಜ್ಜನ ದನಿಯೇ. ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ಹುಡುಗಿ ಮಷಿನಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು, ನಿಲ್ಲಿಸಲೇ ಎನ್ನುವಂತೆ. ನಾನು ಬಲಗೈಯ ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲಿಟ್ಟೆ. ಮುಂದೆ ಸರಿಸುವ ಕೆಲಸವಿರಲಿಲ್ಲ.

"ನಡೀಲಿ ಬಿಡು" ಎಂದೆ. "ಮೊದಲ ನನ್ನ ಹೆಸರು ಬರಕೋ. ನೀಲವ್ವ, ಮಸ್ಕಿಯಾಕಿ. ಕೇಳಿದಾಕಿ ಅಲ್ಲ, ನೋಡಿದಾಕಿ."